ಚಿತ್ರಗಾರನು ಕಂಡ ಸೇತುವೆ

ನಮ್ಮ ದೇಶದ ಉದ್ದವನ್ನು ಒಂದೇ ಮಾತಿನಲ್ಲಿ ಹೇಳಬೇಕಾದಾಗ ಹಿರಿಯರು ‘ಆಸೇತುಹಿಮಾಚಲ’ ಎನ್ನುವ ವಾಡಿಕೆಯುಂಟು. ಬಳಸಿ ಬಳಸಿ ಸವೆದ ಮಾತಾದುದರಿಂದ ನಾವು ಅದರ ಅರ್ಥವನ್ನು ಅಷ್ಟಾಗಿ ಆಲೋಚಿಸುವುದಿಲ್ಲ. ಅದರ ಒಂದು ತುದಿಯಲ್ಲಿರುವುದು ಪರ್ವತ. ಅದು ಯಾರೂ ಕಟ್ಟಿದುದಲ್ಲ, ತಾನಾಗಿ ನಿಂತದ್ದು. ಇನ್ನೊಂದು ತುದಿಯಲ್ಲಿರುವುದು ಸೇತುವೆ. ಕಲ್ಲು ಮರಗಳನ್ನು ಹೊತ್ತು ತಂದು ಕಟ್ಟಿದರೆಂದು ರಾಮಾಯಣವು ಹೇಳುವ ವಸ್ತು. ನಾಡಿನ ಎಲ್ಲೆಯನ್ನು ಗುರುತಿಸುವುದಕ್ಕೆ ಸೃಷ್ಟಿಯ ಕೆಲಸವೊಂದನ್ನೂ ಕೈಯ ಕೆಲಸವೊಂದನ್ನೂ ಎದುರುಬದುರಾಗಿ, ಸರಿಸಮನಾಗಿ ಇಟ್ಟವರ ಮನಸ್ಸಿನಲ್ಲಿ ಸೇತುವೆಯು ನೆಲಕ್ಕೆ ಅಂಟಿದ ಪರವಸ್ತುವಾಗಿರಲಿಲ್ಲ. ನೆಲದ ಒಂದು ಅಂಗವೇ ಆಗಿದ್ದಿತು. ಸಂಸ್ಕೃತದಲ್ಲಿ ಸೇತು ಎಂಬ ಶಬ್ದಕ್ಕೆ ಏರಿ, ಕಟ್ಟೆ, ಎಲ್ಲೆ ಎಂಬ ಅರ್ಥಗಳೂ ಇವೆ. ತಡೆಯುವುದಕ್ಕೂ ದಾಟಿಸುವುದಕ್ಕೂ ಒಂದೇ ಹೆಸರು.

ಸೇತುವೆಯನ್ನು ಕುರಿತು ಎಂಜಿನಿಯರು ಹೇಳತಕ್ಕ ಮಾತು ಬೇರೆ, ವರ್ತಕನು ಹೇಳತಕ್ಕ ಮಾತು ಬೇರೆ, ದಂಡನಾಯಕನು ಹೇಳತಕ್ಕ ಮಾತು ಬೇರೆ. ಈ ಭಾಷಣದಲ್ಲಿ ನಾವು ಕೇಳಬೇಕಾದುದು ಚಿತ್ರಗಾರನ ಮಾತನ್ನು. ಆತನು ಸೇತುವೆಯನ್ನು ಅದರ ಸುತ್ತಲಿನ ನೀರು, ದಡ, ಆಕಾಶ, ಜನ ಇವುಗಳಿಂದ ಬಿಡಿಸಿ ನೋಡಲಾರನು. ಕಮಾನು ಎಷ್ಟು ಭಾರವನ್ನು ತಡೆದೀತು ಎಂಬುದು ಅವನ ಪ್ರಶ್ನೆಯಲ್ಲ; ಆ ಕಮಾನು ಬಂದಮೇಲೆ ಆ ಸ್ಥಳವು ಏನಾಯಿತು ಎಂಬುದು ಅವನ ಪ್ರಶ್ನೆ. ಈ ಪ್ರಶ್ನೆ ಚಿತ್ರಶಾಲೆಯೊಳಗೆ ಮಾತ್ರ ಉಳಿಯುವಂತಹುದಲ್ಲವೆಂಬುದೂ, ನಮ್ಮ ಕಾಲದಲ್ಲಿ ಅದು ನಮ್ಮ ನಾಡಿನ ನದೀತೀರಕ್ಕೇ ಬಂದು ನಿಂತಿತೆಂಬುದೂ ಕಡೆಯಲ್ಲಿ ತಿಳಿದುಬರುವುದು. ಆಕಾಶವಾಣಿಯಲ್ಲಿ ಚಿತ್ರಗಳನ್ನು ತೋರಿಸುವ ಉಪಾಯವಿಲ್ಲ. ಆದಕಾರಣ ಶ್ರೋತೃಗಳು ಕೆಲವು ಚಿತ್ರಗಳನ್ನು ಮಾತಿನ ಮೂಲಕವೇ ಮನಸ್ಸಿನಲ್ಲಿ ಬರೆದುಕೊಳ್ಳಬೇಕಾಗಿದೆ.

ಮೊದಲು ಜಾವಾದ್ವೀಪಕ್ಕೆ ಹೋಗೋಣ. ಅಲ್ಲಿಯ ಪ್ರಂಬಾನನ್ ದೇವಾಲಯಗಳು ೯ನೆಯ ಶತಮಾನದವು. ಶಿವಾಲಯದ ಪ್ರದಕ್ಷಿಣಪಥದ ಗೋಡೆಯಲ್ಲಿ ರಾಮಾಯಣದ ಕಥೆಯನ್ನು ಸಾಲುಸಾಲಾಗಿ ಕಡೆದಿದ್ದಾರೆ. ಆ ಸಾಲಿನ ಕೊನೆಗೆ ಕಪಿಗಳು ಬಂಡೆಗಳನ್ನು ಹೊತ್ತು ತಂದು ಸಮುದ್ರಕ್ಕೆ ಇಳಿಸುತ್ತಿವೆ. ನೀರಿನಲ್ಲಿ ಮೀನುಗಳು ಕಿಕ್ಕಿರಿದಿವೆ. ಸೇನೆಯು ಸೇತುವೆಯ ಮೇಲೆ ಲಂಕೆಗೆ ನಡೆಯುತ್ತಿದೆ. ಅಲ್ಲಿಗೆ ಶಿವಾಲಯದ ಗೋಡೆ ಮುಗಿಯುತ್ತದೆ. ಮುಂದಿನ ಕಥೆಯನ್ನು ನೋಡಬೇಕಾದರೆ ಪಕ್ಕದ ಬ್ರಹ್ಮಾಲಯಕ್ಕೆ ಹೋಗಬೇಕು. ಕಥೆಯಲ್ಲಿ ಎರಡು ದಡಗಳ ನಡುವೆ ಇದ್ದ ಸೇತುವೆಯು ಇಲ್ಲಿ ಎರಡು ಗುಡಿಗಳ ನಡುವೆ ಬಂದು ನಿಂತಿದೆ. ನೋಡುವವನು ಕೇವಲ ನೋಡುವವನಾಗಿ ಉಳಿಯದೆ, ತಾನೂ ಒಂದು ಕಡೆಯಿಂದ ಇನ್ನೊಂದು ಕಡೆಗೆ ದಾಟಬೇಕಾಗುತ್ತದೆ.

ಇದಾದ ಮೇಲೆ ಸುಮಾರು ಮುನ್ನೂರು ವರ್ಷಗಳಿಗೆ, ೧೨ನೆಯ ಶತಮಾನದ ಆದಿಭಾಗದಲ್ಲಿ, ಚೀನಾದೇಶದ ಝಾಂಗ್ ಝೆದುವಾನ್ ಎಂಬ ಚಿತ್ರಗಾರನು ರೇಷ್ಮೆಯ ಸುರುಳಿಯೊಂದರ ಮೇಲೆ ನದೀತೀರದ ಪಟ್ಟಣವೊಂದನ್ನು ಬರೆದನು. ಸುರುಳಿಯ ಅಗಲ ಗೇಣಿಗಿಂತ ಸ್ವಲ್ಪ ಹೆಚ್ಚು. ಉದ್ದವಾದರೋ ೫ ಮೀಟರಿಗೂ ಮಿಗಿಲು. ಈಗ ಅದು ಬೀಜಿಂಗಿನ ಅರಮನೆಯ ವಸ್ತುಸಂಗ್ರಹಾಲಯದಲ್ಲಿದೆ. ಬಲಗಡೆಯಿಂದ ಬಿಚ್ಚುತ್ತ ಬಂದರೆ ಮೊದಲು ಹೊಲಗಳು, ಮರಗಳು, ಕತ್ತೆಗಳ ಸಾಲು; ಆಮೇಲೆ ನದಿ, ದೋಣಿಗಳು; ಸುರುಳಿಯ ಹೆಚ್ಚುಕಡಿಮೆ ನಡುಭಾಗದಲ್ಲಿ ಮರದ ತೊಲೆಗಳನ್ನು ಒಂದರೊಳಗೊಂದು ಹೆಣೆದು ಕಟ್ಟಿದ ದೊಡ್ಡ ಕಮಾನುಸೇತುವೆ. ನೀರಿನಲ್ಲಿ ಅದಕ್ಕೆ ಒಂದು ಕಂಬವೂ ಇಲ್ಲ. ಕಾಮನಬಿಲ್ಲಿನಂತೆ ಒಂದೇ ನೆಗೆತಕ್ಕೆ ದಾಟಿರುವುದರಿಂದ ಅದನ್ನು ಕಾಮನಬಿಲ್ಲಿನ ಸೇತುವೆಯೆಂದೇ ಕರೆಯುತ್ತಾರೆ.

ಆ ಸೇತುವೆಯ ಬಳಿ ಒಂದು ಗಂಡಾಂತರ ನಡೆಯುತ್ತಿದೆ. ದೊಡ್ಡ ದೋಣಿಯೊಂದು ಪ್ರವಾಹಕ್ಕೆ ಸಿಕ್ಕಿ ಕಮಾನಿನ ಕಡೆಗೆ ಬರುತ್ತಿದೆ. ಅದರ ಕೂವೆಮರವನ್ನು ಇನ್ನೂ ಪೂರ್ತಿ ಇಳಿಸಿಲ್ಲ. ದೋಣಿಯವರು ಗಳುಗಳನ್ನು ಹಿಡಿದು ಒದ್ದಾಡುತ್ತಿದ್ದಾರೆ. ಸೇತುವೆಯ ಮೇಲಿನ ಜನ ಕಟಕಟೆಗೆ ಒರಗಿ, ಕೆಲವರು ಅದರಾಚೆಗೂ ಬಾಗಿ, ಕೈಮಾಡಿ ಕೂಗುತ್ತಿದ್ದಾರೆ. ಒಬ್ಬನು ಮೇಲಿನಿಂದ ಹಗ್ಗವನ್ನು ಬಿಡುತ್ತಿದ್ದಾನೆ. ಇವರ ಬೆನ್ನಹಿಂದೆ, ಕಮಾನಿನ ನೆತ್ತಿಯಲ್ಲಿ, ಪಲ್ಲಕ್ಕಿಯೊಂದೂ ಕುದುರೆಯ ಸವಾರನೊಬ್ಬನೂ ಎದುರಾಗಿ, ಅವರ ಆಳುಗಳು ಒಬ್ಬರನ್ನೊಬ್ಬರು ದಾರಿಬಿಡಿಸುತ್ತಿದ್ದಾರೆ. ಇಕ್ಕೆಲದಲ್ಲಿಯೂ ಅಂಗಡಿಯವರು ಚಪ್ಪರ ಕಟ್ಟಿಕೊಂಡು ಕುಳಿತಿದ್ದಾರೆ. ಪಟ್ಟಣವೆಂದರೇನು ಎಂದು ಕೇಳಿದವರಿಗೆ ಆ ಚಿತ್ರಗಾರನು ಅರಮನೆಯನ್ನು ತೋರಿಸಲಿಲ್ಲ. ಸೇತುವೆಯ ನೆತ್ತಿಯ ನೂಕುನುಗ್ಗಲನ್ನು ತೋರಿಸಿದನು. ೧೧೨೭ರಲ್ಲಿ ಉತ್ತರದ ಜುರ್ಚೆನರು ಆ ರಾಜಧಾನಿಯನ್ನು ಗೆದ್ದರು. ಆ ಸೇತುವೆಯು ಈಗ ಇಲ್ಲ. ತೊಲೆಗಳನ್ನು ಹೆಣೆದು ಸೇತುವೆ ಕಟ್ಟುವ ವಿದ್ಯೆ ಮಾತ್ರ ಫೂಜಿಯಾನ್, ಝೆಜಿಯಾಂಗ್ ಪ್ರಾಂತಗಳ ಬೆಟ್ಟದ ಊರುಗಳಲ್ಲಿ ಇಂದಿಗೂ ಬದುಕಿದೆ.

ಸೇತುವೆಯೇ ಚಿತ್ರದ ನಾಯಕನಾಗಬಹುದೆಂದು ಎತ್ತಿ ತೋರಿದವರು ಜಪಾನಿನ ಮರದಚ್ಚಿನ ಚಿತ್ರಗಾರರು. ಇವರಲ್ಲಿ ಹೊಕುಸಾಯಿ ಎಂಬುವನು ೧೮೩೩–೩೪ರ ಸುಮಾರಿಗೆ ನಾನಾ ಪ್ರಾಂತಗಳ ಸೇತುವೆಗಳನ್ನೇ ವಿಷಯವಾಗಿಟ್ಟುಕೊಂಡು ೧೧ ಚಿತ್ರಗಳ ಒಂದು ಮಾಲೆಯನ್ನು ಮಾಡಿದನು. ಅದರಲ್ಲೊಂದು, ಎರಡು ಬೆಟ್ಟಗಳ ನಡುವೆ ಹಗ್ಗದಂತೆ ಜೋಲುವ ತೂಗುಸೇತುವೆ, ಬೆನ್ನಮೇಲೆ ಹೊರೆಹೊತ್ತ ಇಬ್ಬರು ಅದರ ಮೇಲೆ ಕಾಲಿಡುತ್ತಿದ್ದಾರೆ, ಅವರ ಭಾರಕ್ಕೆ ಸೇತುವೆ ಬಾಗಿದೆ, ಕೆಳಗೆ ಮಂಜು. ಅದಕ್ಕೂ ಸ್ವಲ್ಪ ಮೊದಲು ಬರೆದ ಫೂಜಿ ಪರ್ವತದ ಪ್ರಸಿದ್ಧ ಮಾಲೆಯಲ್ಲಿ ಇದೇ ಹೊಕುಸಾಯಿಯು ಇನ್ನೊಂದು ಚಮತ್ಕಾರವನ್ನು ಮಾಡಿದ್ದಾನೆ. ಫುಕಗಾವದ ಮನ್ನೆನ್ ಸೇತುವೆಯ ಎತ್ತರವಾದ ಕಮಾನು ಚಿತ್ರವನ್ನೆಲ್ಲ ಆಕ್ರಮಿಸಿಕೊಂಡಿದೆ. ಮೇಲೆ ಜನ ಓಡಾಡುತ್ತಿದ್ದಾರೆ. ಆ ಕಮಾನಿನ ಕೆಳಗೆ, ಬಹುದೂರದಲ್ಲಿ, ಪುಟ್ಟದಾಗಿ ಫೂಜಿ ಕಾಣಿಸುತ್ತಿದೆ. ದೇಶಕ್ಕೆಲ್ಲ ಪೂಜ್ಯವಾದ ಪರ್ವತವನ್ನು ಸೇತುವೆಯ ಕಾಲಸಂದಿನಲ್ಲಿ ಇಟ್ಟುದು ಅಗೌರವವೆಂದು ಯಾರಿಗೂ ತೋರದು. ಬಾಗಿಲಿನ ಚೌಕಟ್ಟಿನೊಳಗಿಂದ ದೇವರ ಮೂರ್ತಿಯನ್ನು ಕಂಡಂತೆ ಅಲ್ಲಿ ಪರ್ವತಕ್ಕೆ ಮಹತ್ತು ಹೆಚ್ಚುತ್ತದೆ. ಸೇತುವೆಯು ನೋಟವನ್ನು ಮರೆಮಾಡದೆ ನೋಟಕ್ಕೆ ಬಾಗಿಲಾಯಿತು.

ಹೊಕುಸಾಯಿಗಿಂತ ಕಿರಿಯನಾದ ಹಿರೋಶಿಗೆಯು ೧೮೫೭ರಲ್ಲಿ, ತಾನು ಸಾಯುವುದಕ್ಕೆ ಒಂದು ವರ್ಷ ಮೊದಲು, ಎದೋ ನಗರದ ನೂರು ದೃಶ್ಯಗಳ ಮಾಲೆಯಲ್ಲಿ ಶಿನ್ ಒಹಾಶಿ ಸೇತುವೆಯ ಮೇಲೆ ಬಿದ್ದ ಹಠಾತ್ ಮಳೆಯೊಂದನ್ನು ಬರೆದನು. ಎದೋ ಎಂದರೆ ಇಂದಿನ ಟೋಕಿಯೋ. ಮರದ ಸೇತುವೆ ಚಿತ್ರದ ಕೆಳಭಾಗದಲ್ಲಿ ಓರೆಯಾಗಿ ಹಾದುಹೋಗಿದೆ. ಆಚೆಯ ದಡ ಅದಕ್ಕೆ ಎದುರಾದ ಓರೆಯಲ್ಲಿ ಬೂದುಬಣ್ಣದ ನೆರಳಿನಂತಿದೆ. ಮೇಲೆ ಕಾರ್ಮೋಡ. ಸೂಕ್ಷ್ಮವಾದ ಕಪ್ಪುಗೆರೆಗಳು ಮಳೆಯಾಗಿ ಇಡೀ ಚಿತ್ರವನ್ನು ಸೀಳಿವೆ. ಸೇತುವೆಯ ಮೇಲೆ ಕೆಲವರು ಕೊಡೆ ಬಿಚ್ಚಿ, ಕೆಲವರು ಚಾಪೆಯನ್ನು ತಲೆಗೆ ಮರೆಮಾಡಿ, ಬಗ್ಗಿ ಓಡುತ್ತಿದ್ದಾರೆ. ನದಿಯ ಮೇಲೆ ಒಬ್ಬನೇ ಒಬ್ಬ, ದಿಮ್ಮಿಗಳ ತೆಪ್ಪವನ್ನು ನಡೆಸಿಕೊಂಡು, ಅವಸರವಿಲ್ಲದೆ ಹೋಗುತ್ತಿದ್ದಾನೆ. ಮಳೆ ಎಲ್ಲರಿಗೂ ಒಂದೇ. ಆದರೆ ಸೇತುವೆಯ ಮೇಲಿರುವವನಿಗೆ ದಡ ಮುಟ್ಟುವ ಆತುರ, ನೀರಿನ ಮೇಲಿರುವವನಿಗೆ ನೀರೇ ಮನೆ. ಯಾವ ವ್ಯಾಖ್ಯಾನವೂ ಇಲ್ಲದೆ, ಎರಡು ಓರೆಗೆರೆಗಳ ನಡುವೆ, ಇಷ್ಟು ಅರ್ಥ ತುಂಬಿದೆ.

ಇದಾದ ಮೂವತ್ತು ವರ್ಷಗಳಿಗೆ, ೧೮೮೭ರಲ್ಲಿ, ಪ್ಯಾರಿಸ್ ನಗರದಲ್ಲಿ ವಾಸವಾಗಿದ್ದ ವ್ಯಾನ್ ಗೋ ಎಂಬ ಡಚ್ಚು ಚಿತ್ರಗಾರನು ಈ ಅಚ್ಚನ್ನು ಮುಂದಿಟ್ಟುಕೊಂಡು ತೈಲವರ್ಣದಲ್ಲಿ ಪ್ರತಿಮಾಡಿದನು. ತನಗೆ ಓದಲು ಬಾರದ ಜಪಾನೀ ಅಕ್ಷರಗಳನ್ನೂ ಅಂಚಿನ ಸುತ್ತ ಬರೆದನು. ಆ ಪ್ರತಿ ಈಗ ಆಮ್‌ಸ್ಟರ್‌ಡಾಮಿನಲ್ಲಿದೆ. ಮರುವರ್ಷ ಆತನು ಫ್ರಾನ್ಸಿನ ದಕ್ಷಿಣದ ಆರ್ಲ್ ಎಂಬ ಊರಿಗೆ ಹೋದಾಗ ಅಲ್ಲಿಯ ಕಾಲುವೆಯ ಮೇಲೆ ಲಾಂಗ್ಲ್ವಾ ಎಂಬ ಕಾವಲುಗಾರನ ಹೆಸರಿನಿಂದ ಕರೆಯಲ್ಪಡುತ್ತಿದ್ದ ಒಂದು ಸಣ್ಣ ಎತ್ತುಸೇತುವೆಯನ್ನು ಕಂಡು, ಅದನ್ನು ಮತ್ತೆ ಮತ್ತೆ ಬರೆದನು: ಹಳದಿಯ ಮರಗೆಲಸ, ನೀಲಿಯ ನೀರು, ದಡದಲ್ಲಿ ಬಟ್ಟೆ ಒಗೆಯುವ ಹೆಂಗಸರು. ಅಂತಹ ಸೇತುವೆಗಳು ಅವನ ಹುಟ್ಟುನಾಡಿನಲ್ಲಿ ಸಾಮಾನ್ಯ. ದೂರದ ಜಪಾನಿನಿಂದ ಕಣ್ಣನ್ನು ಎರವಲು ಪಡೆದವನಿಗೆ ಪರದೇಶದ ಕಾಲುವೆಯ ಮೇಲೆ ಸ್ವದೇಶವೇ ಕಾಣಿಸಿತು. ಆ ಸೇತುವೆಯನ್ನು ೧೯೩೦ರಲ್ಲಿ ತೆಗೆದು ಕಾಂಕ್ರೀಟಿನದನ್ನು ಕಟ್ಟಿದರು. ಅದನ್ನು ೧೯೪೪ರಲ್ಲಿ ಹಿಮ್ಮೆಟ್ಟುತ್ತಿದ್ದ ಜರ್ಮನರು ಸಿಡಿಸಿದರು. ನೋಡಬಯಸುವವರಿಗಾಗಿ ಅದೇ ಮಾದರಿಯ ಇನ್ನೊಂದು ಹಳೆಯ ಸೇತುವೆಯನ್ನು ಬೇರೆಡೆಯಿಂದ ತಂದು ಆ ಊರಿನ ಬಳಿ ನಿಲ್ಲಿಸಿದ್ದಾರೆ.

ಇನ್ನು ಯೂರೋಪಿನ ಉಳಿದ ಭಾಗವನ್ನು ನೋಡೋಣ. ಬೆರ್ನಾರ್ದೊ ಬೆಲೊಟ್ಟೊ ಎಂಬ ವೆನಿಸ್ಸಿನ ಚಿತ್ರಗಾರನು ಜರ್ಮನಿಯ ಡ್ರೆಸ್ಡೆನ್ ಪಟ್ಟಣದಲ್ಲಿ ಆಸ್ಥಾನದ ಚಿತ್ರಗಾರನಾಗಿ, ೧೭೪೮ರಲ್ಲಿ ಎಲ್ಬ್ ನದಿಯ ಬಲದಡದಿಂದ ಕಂಡ ನೋಟವನ್ನು ಬರೆದನು. ಒಂದು ಕಡೆ ಕೆಲವೇ ವರ್ಷಗಳ ಹಿಂದೆ ಮುಗಿದ ಫ್ರೌವೆನ್ ಚರ್ಚಿನ ಗುಮ್ಮಟ. ಇನ್ನೊಂದು ಕಡೆ ಕಟ್ಟಡದ ಸಾರುವೆ ಇನ್ನೂ ಬಿಚ್ಚದ ಆಸ್ಥಾನದ ಚರ್ಚು. ಇವಕ್ಕೆ ಜೊತೆಯಾಗಿ ಅನೇಕ ಕಮಾನುಗಳ ಆಗಸ್ಟಸ್ ಸೇತುವೆ, ತನ್ನ ನೆರಳನ್ನು ನೀರಿನಲ್ಲಿ ಇಳಿಬಿಟ್ಟು ನಿಂತಿದೆ. ಆ ಸೇತುವೆಯನ್ನು ಕೈಯಿಂದ ಮುಚ್ಚಿಕೊಂಡು ಚಿತ್ರವನ್ನು ನೋಡಿದರೆ ಪಟ್ಟಣ ಒಂದು ಕಡೆಗೂ ಹೊಲಗದ್ದೆ ಇನ್ನೊಂದು ಕಡೆಗೂ ಜಾರಿಹೋಗುವಂತೆ ತೋರುತ್ತದೆ. ಎರಡನ್ನೂ ಹಿಡಿದಿರುವುದು ಸೇತುವೆ. ಆ ನೋಟವು ಎಷ್ಟು ಪ್ರಸಿದ್ಧವಾಯಿತೆಂದರೆ ಇಂದಿಗೂ ಅಲ್ಲಿಯ ಜನ ಅದನ್ನು ಚಿತ್ರಗಾರನ ಉಪನಾಮದಿಂದ ಕಾನಲೆತ್ತೊ ನೋಟವೆಂದು ಕರೆಯುತ್ತಾರೆ. ಈ ಡ್ರೆಸ್ಡೆನ್ನಿಗೆ ನಾವು ಮತ್ತೆ ಬರಬೇಕಾಗಿದೆ. ಶ್ರೋತೃಗಳು ಅದನ್ನು ನೆನಪಿನಲ್ಲಿಟ್ಟಿರಬೇಕು.

ಬೆಲೊಟ್ಟೊ ಬರೆದದ್ದು ಕಲ್ಲಿನ ನೆಮ್ಮದಿಯನ್ನು. ಇಂಗ್ಲೆಂಡಿನ ಟರ್ನರನು ಬರೆದದ್ದು ವೇಗವನ್ನು. ಥೇಮ್ಸ್ ನದಿಗೆ ಮೇಡನ್‌ಹೆಡ್ ಎಂಬಲ್ಲಿ ಬ್ರೂನೆಲ್ ಎಂಬ ಎಂಜಿನಿಯರು ರೈಲುದಾರಿಗಾಗಿ ಇಟ್ಟಿಗೆಯ ಸೇತುವೆಯೊಂದನ್ನು ೧೮೩೮ರಲ್ಲಿ ಕಟ್ಟಿ ಮುಗಿಸಿದನು. ಅದರ ಎರಡು ದೊಡ್ಡ ಕಮಾನುಗಳು ಒಂದೊಂದೂ ೧೨೮ ಅಡಿ ಅಗಲ. ಎತ್ತರವಾದರೋ ಕೇವಲ ೨೪ ಅಡಿ. ಇಷ್ಟು ಚಪ್ಪಟೆಯಾದ ಕಮಾನು ಕುಸಿದೇ ಕುಸಿಯುವುದೆಂದು ಅನೇಕರು ಭವಿಷ್ಯ ಹೇಳಿದರು. ಅದು ಇಂದಿಗೂ ರೈಲನ್ನು ಹೊರುತ್ತಿದೆ. ೧೮೪೪ರಲ್ಲಿ ಟರ್ನರನು ಪ್ರದರ್ಶಿಸಿದ ‘ಮಳೆ, ಉಗಿ ಮತ್ತು ವೇಗ’ ಎಂಬ ಚಿತ್ರದಲ್ಲಿ ಆ ಸೇತುವೆಯ ಮೇಲಿಂದ ಉಗಿಬಂಡಿಯೊಂದು ಮಳೆಯನ್ನು ಭೇದಿಸಿಕೊಂಡು ನಮ್ಮ ಕಡೆಗೇ ನುಗ್ಗುತ್ತಿದೆ. ಅದರ ಮುಂದೆ, ಹಳಿಗಳ ಮೇಲೆ, ಮೊಲವೊಂದು ಪ್ರಾಣಭಯದಿಂದ ಓಡುತ್ತಿದೆ. ಎಡಗಡೆ ದೂರದಲ್ಲಿ ಹಳೆಯ ರಸ್ತೆಯ ಕಲ್ಲುಸೇತುವೆ ಮಸುಕಾಗಿದೆ. ಕೆಳಗೆ ಸಣ್ಣ ದೋಣಿಯೊಂದು ತೇಲುತ್ತಿದೆ. ಬಲಗಡೆ ಹೊಲದಲ್ಲಿ ಯಾರೋ ನೇಗಿಲು ಹೂಡಿದ್ದಾರೆ. ಹೊಸದನ್ನು ಟರ್ನರನು ಹಳಿಯಲಿಲ್ಲ, ಹೊಗಳಲೂ ಇಲ್ಲ. ಹೊಸದು ಬಂದಾಗ ಆ ಬಯಲಿನಲ್ಲಿ ಏನೇನು ಇದ್ದಿತೋ ಅದನ್ನೆಲ್ಲ ಎಣಿಸಿಟ್ಟನು.

ಇದೇ ಟರ್ನರನು ೧೮೦೦ರ ಸುಮಾರಿನಲ್ಲಿ, ಹರೆಯದವನಾಗಿದ್ದಾಗ, ನಮ್ಮ ಶ್ರೀರಂಗಪಟ್ಟಣದ ಮುತ್ತಿಗೆಯನ್ನು ನೀರುಬಣ್ಣದಲ್ಲಿ ಬರೆದನೆಂಬುದನ್ನು ಕೇಳಿದರೆ ಶ್ರೋತೃಗಳಿಗೆ ಆಶ್ಚರ್ಯವಾಗಬಹುದು. ಆತನು ಹಿಂದೂಸ್ಥಾನಕ್ಕೆ ಎಂದೂ ಬಂದವನಲ್ಲ. ಸಮಾಚಾರವನ್ನೂ ಇತರರ ಚಿತ್ರಗಳನ್ನೂ ನಂಬಿ ಬರೆದಿರಬೇಕು. ಆ ಚಿತ್ರದ ಕಾವೇರಿಯನ್ನು ಮೇಡನ್‌ಹೆಡ್ಡಿನ ಥೇಮ್ಸಿನೊಡನೆ ಹೋಲಿಸಿದರೆ, ಕೇಳಿ ಬರೆದುದಕ್ಕೂ ಕಂಡು ಬರೆದುದಕ್ಕೂ ಇರುವ ಅಂತರ ತಿಳಿಯುತ್ತದೆ.

ಲಂಡನ್ ನಗರದೊಳಗಿನ ಬ್ಯಾಟರ್‌ಸೀ ಸೇತುವೆ ೧೭೭೦ರ ಆಚೀಚೆ ಕಟ್ಟಿದ ಮರದ ಸೇತುವೆ. ಕಂಬಗಳು ಒತ್ತೊತ್ತಾಗಿದ್ದುದರಿಂದ ದೋಣಿಗಳು ಅದಕ್ಕೆ ಬಡಿಯುತ್ತಿದ್ದುವು. ನಗರಕ್ಕೆ ಅದೊಂದು ತೊಡರು. ಈ ತೊಡರನ್ನೇ ವಿಸ್ಲರ್ ಎಂಬ ಚಿತ್ರಗಾರನು ೧೮೭೨–೭೫ರ ಸುಮಾರಿನಲ್ಲಿ ರಾತ್ರಿಯ ಹೊತ್ತು ಕಂಡನು. ಅವನ ಚಿತ್ರದಲ್ಲಿ ಪೂರ್ತಿ ಸೇತುವೆಯೇ ಇಲ್ಲ. ಒಂದು ಕಂಬ, ಅದರ ಮೇಲೆ ಅಡ್ಡವಾಗಿ ದಾರಿಯ ಒಂದು ತುಂಡು. ಇದ್ದುದಕ್ಕಿಂತ ಎಷ್ಟೋ ಎತ್ತರ. ಸುತ್ತಲೂ ನೀಲಿ, ದೂರದಲ್ಲಿ ಬಾಣಬಿರುಸಿನ ಹೊನ್ನಿನ ಹನಿಗಳು. ಜಪಾನಿನ ಅಚ್ಚುಗಳನ್ನು ಆತನು ಬಲ್ಲವನೆಂಬುದು ನೋಡಿದೊಡನೆಯೇ ತಿಳಿಯುತ್ತದೆ. ವಿಸ್ಲರನು ವಿಮರ್ಶಕ ರಸ್ಕಿನ್ನನ ಮೇಲೆ, ತನ್ನ ಬೇರೊಂದು ಚಿತ್ರವನ್ನು ಹಳಿದುದಕ್ಕಾಗಿ, ಹೂಡಿದ್ದ ಮಾನನಷ್ಟದ ದಾವೆಯು ೧೮೭೮ರಲ್ಲಿ ವಿಚಾರಣೆಗೆ ಬಂದಾಗ ಈ ಸೇತುವೆಯ ಚಿತ್ರವನ್ನೂ ನ್ಯಾಯಸ್ಥಾನಕ್ಕೆ ತಂದರು. ಸೇತುವೆಯ ಮೇಲೆ ಕಾಣುವ ಆಕೃತಿಗಳು ಮನುಷ್ಯರೇ ಎಂದು ಅಲ್ಲಿ ಕೇಳಿದ್ದಕ್ಕೆ, ನಿಮಗೆ ಏನೆಂದು ತೋರುತ್ತದೋ ಅದೇ ಎಂಬ ಭಾವದ ಉತ್ತರವನ್ನು ಆತನು ಕೊಟ್ಟನು. ಗೆದ್ದದ್ದು ವಿಸ್ಲರನೇ, ಆದರೆ ದೊರೆತ ಪರಿಹಾರ ಒಂದು ಫಾರ್ದಿಂಗು, ಅಂದರೆ ಒಂದು ಪೆನ್ನಿಯ ಕಾಲುಭಾಗ. ಮರುವರ್ಷ ಆತನು ದಿವಾಳಿಯಾದನು. ಸೇತುವೆಯನ್ನಾದರೂ ೧೮೮೫ರಲ್ಲಿ ಕೆಡವಿದರು. ಈಗ ಆ ಹಳೆಯ ಬ್ಯಾಟರ್‌ಸೀ ಎಂದರೆ ಜನರಿಗೆ ನೆನಪಾಗುವುದು ಆ ನೀಲಿಯ ರಾತ್ರಿಯೇ.

ಇದೇ ನದಿಯ ವಾಟರ್ಲೂ ಸೇತುವೆಯ ಕಥೆಯೂ ಇದಕ್ಕೆ ಸಮೀಪದ್ದು. ರೆನ್ನಿ ಎಂಬ ಎಂಜಿನಿಯರು ಒಂಬತ್ತು ಕಮಾನುಗಳಿಂದ ಕಟ್ಟಿದ ಆ ಗ್ರಾನೈಟ್ ಕಲ್ಲಿನ ಸೇತುವೆ ೧೮೧೭ರಲ್ಲಿ ತೆರೆಯಲ್ಪಟ್ಟಿತು. ಆ ದಿನದ ಉತ್ಸವವನ್ನು ಕಾನ್‌ಸ್ಟಬಲ್ ಎಂಬುವನು ವರ್ಷಾನುಗಟ್ಟಲೆ ತಿದ್ದಿ ತಿದ್ದಿ ೧೮೩೨ರಲ್ಲಿ ಪ್ರದರ್ಶಿಸಿದನು. ಶತಮಾನದ ಕೊನೆಗೆ ಫ್ರಾನ್ಸಿನ ಮೊನೆಯು ಬಂದು, ಸವಾಯ್ ಹೋಟೆಲಿನ ಕೋಣೆಯಿಂದ ಆ ಸೇತುವೆಯನ್ನೇ ಸುಮಾರು ನಾಲ್ವತ್ತು ಸಲ ಬರೆದನು. ಒಂದರಲ್ಲಿ ಅದು ನೇರಿಳೆ, ಇನ್ನೊಂದರಲ್ಲಿ ಬೂದಿ, ಮತ್ತೊಂದರಲ್ಲಿ ಹೊಂಬಣ್ಣ. ಹಿಂದುಗಡೆ ಕಾರ್ಖಾನೆಗಳ ಚಿಮಣಿಗಳು. ಅವನ ಪ್ರೀತಿಯ ಮಂಜಿನಲ್ಲಿ ಬಹುಪಾಲು ಇದ್ದಿಲಿನ ಹೊಗೆಯೆಂಬುದನ್ನು ಮರೆಯಬಾರದು. ಟರ್ನರನ ಮತ್ತು ಮೊನೆಯ ಚಿತ್ರಗಳಲ್ಲಿ ಗೆರೆಗಳು ವರ್ಷವರ್ಷಕ್ಕೆ ಮಸುಕಾದುದಕ್ಕೂ ಆಗಿನ ಗಾಳಿಯ ಮಾಲಿನ್ಯಕ್ಕೂ ಸಂಬಂಧವಿದೆಯೆಂದು ೨೦೨೩ರಲ್ಲಿ ಪ್ರಕಟವಾದ ಒಂದು ವೈಜ್ಞಾನಿಕ ಅಧ್ಯಯನವು ತೋರಿಸಿದೆ. ರೆನ್ನಿಯ ಸೇತುವೆಯ ಕಂಬಗಳ ಬುಡವನ್ನು ಪ್ರವಾಹವು ಕೊರೆದುದರಿಂದ ೧೯೩೪ರಲ್ಲಿ ಅದನ್ನು ಕೆಡವಲು ಮೊದಲುಮಾಡಿದರು. ಈಗಿರುವುದು ಎರಡನೆಯ ಮಹಾಯುದ್ಧದ ಕಾಲದಲ್ಲಿ ಕಟ್ಟಿದ ಬೇರೆಯ ಸೇತುವೆ. ಅದರ ಕೆಲಸದಲ್ಲಿ ಅನೇಕ ಮಂದಿ ಹೆಂಗಸರು ದುಡಿದರು.

ಇಷ್ಟು ಚಿತ್ರಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಏನು ತಿಳಿಯುತ್ತದೆ? ಶೈಲಿ ಬೇರೆ, ದೇಶ ಬೇರೆ, ಕಾಲ ಬೇರೆ. ಆದರೂ ಇವರಲ್ಲಿ ಬಹುಮಂದಿ ಮೂರು ಸಂಗತಿಗಳನ್ನು ಕೈಬಿಟ್ಟಿಲ್ಲ. ಮೇಲೆ ಯಾರು ದಾಟುತ್ತಾರೆ, ಕೆಳಗೆ ಏನು ಹರಿಯುತ್ತದೆ, ಆಚೆ ಏನು ಕಾಣುತ್ತದೆ—ಈ ಮೂರು. ಮೇಲೆ ಪಲ್ಲಕ್ಕಿ, ಕೆಳಗೆ ದೋಣಿ, ಆಚೆ ಪಟ್ಟಣ. ಮೇಲೆ ಉಗಿಬಂಡಿ, ಕೆಳಗೆ ಓಡದ ಹುಟ್ಟು, ಆಚೆ ನೇಗಿಲು. ಸೇತುವೆಯು ಹೊಸದೋ ಹಳೆಯದೋ, ಮರದ್ದೋ ಕಲ್ಲಿನದೋ ಎಂಬುದು ಮುಖ್ಯವಲ್ಲ. ಟರ್ನರನು ಬರೆಯುವಾಗ ಬ್ರೂನೆಲನ ಸೇತುವೆಗೆ ಆರೇ ವರ್ಷ ವಯಸ್ಸು. ಈ ಮೂರರಲ್ಲಿ ಒಂದು ಸಂಬಂಧ ಉಳಿದಿದ್ದರೆ ಸೇತುವೆಯು ಸ್ಥಳವನ್ನು ಕೂಡಿಸುತ್ತದೆ. ಆ ಸಂಬಂಧ ಹರಿದರೆ ಸ್ಥಳವನ್ನು ಸೀಳುತ್ತದೆ.

ಹರಿದ ಸಂಬಂಧಕ್ಕೆ ಉದಾಹರಣೆಯನ್ನು ಜಪಾನಿನಲ್ಲಿಯೇ ಕಾಣಬಹುದು. ಟೋಕಿಯೋದ ನಿಹೊನ್‌ಬಾಶಿ ಸೇತುವೆ ೧೬೦೩ರಲ್ಲಿ ಮೊದಲು ಕಟ್ಟಲ್ಪಟ್ಟಿತು. ದೇಶದ ಹೆದ್ದಾರಿಗಳ ಅಳತೆಗೆ ಅದೇ ಮೊದಲ ಕಲ್ಲು. ಹಿರೋಶಿಗೆಯ ಚಿತ್ರದಲ್ಲಿ ಹಿಮ ಬಿದ್ದು ತಿಳಿಯಾದ ಬೆಳಗಿನಲ್ಲಿ ಆ ಸೇತುವೆಯ ಆಚೆ ಫೂಜಿ ಪರ್ವತ ಬೆಳ್ಳಗೆ ಕಾಣುತ್ತದೆ. ಇಂದು ಅಲ್ಲಿರುವ ಕಲ್ಲಿನ ಸೇತುವೆ ೧೯೧೧ರದು. ೧೯೬೩ರಲ್ಲಿ, ಒಲಿಂಪಿಕ್ ಕ್ರೀಡೆಗಳ ಸಿದ್ಧತೆಯ ಕಾಲದಲ್ಲಿ, ಅದರ ನೆತ್ತಿಯ ಮೇಲೆಯೇ ವಾಹನಗಳ ಮೇಲುರಸ್ತೆಯೊಂದನ್ನು ಹಾಯಿಸಿದರು. ಸೇತುವೆಯ ಒಂದು ಕಲ್ಲೂ ಅಲುಗಲಿಲ್ಲ. ಆದರೆ ಆಕಾಶ ಹೋಯಿತು. ಈಗ ಆ ಮೇಲುರಸ್ತೆಯನ್ನು ನೆಲದೊಳಕ್ಕೆ ಇಳಿಸುವ ಮಹಾಕಾರ್ಯವನ್ನು ೨೦೪೦ರ ಗುರಿಯಿಟ್ಟುಕೊಂಡು ಕೈಗೊಂಡಿದ್ದಾರೆ. ಕಳೆದ ಆಕಾಶವನ್ನು ಹಣಕೊಟ್ಟು ಮರಳಿ ಕೊಳ್ಳಬೇಕಾದ ಸ್ಥಿತಿ ಇದು.

ಡ್ರೆಸ್ಡೆನ್ನಿನ ವಿಷಯ ಇದಕ್ಕಿಂತ ಜಟಿಲ. ಆ ಪಟ್ಟಣದ ಎಲ್ಬ್ ಕಣಿವೆಯನ್ನು ಯುನೆಸ್ಕೋ ಸಂಸ್ಥೆಯು ೨೦೦೪ರಲ್ಲಿ ಪ್ರಪಂಚದ ಪರಂಪರೆಯ ಪಟ್ಟಿಗೆ ಸೇರಿಸಿತು. ಊರಿನ ವಾಹನಸಂದಣಿ ತಗ್ಗಬೇಕೆಂದು ಕಣಿವೆಯ ಹುಲ್ಲುಗಾವಲಿಗೆ ಅಡ್ಡಲಾಗಿ ಹೊಸ ಸೇತುವೆ ಬೇಕೆಂಬ ಯೋಜನೆಯಿದ್ದಿತು. ೨೦೦೫ರಲ್ಲಿ ಜನರ ಮತವನ್ನೇ ಕೇಳಿದಾಗ ಹೆಚ್ಚಿನವರು ಸೇತುವೆ ಬೇಕೆಂದರು. ಸಂಸ್ಥೆಯು ಎಚ್ಚರಿಸಿತು, ಊರು ಒಪ್ಪಲಿಲ್ಲ, ೨೦೦೯ರಲ್ಲಿ ಡ್ರೆಸ್ಡೆನ್ನಿನ ಹೆಸರನ್ನು ಪಟ್ಟಿಯಿಂದ ತೆಗೆದುಹಾಕಿದರು. ಸೇತುವೆಯು ೨೦೧೩ರಲ್ಲಿ ತೆರೆಯಿತು. ಒಂದು ಸೇತುವೆಯ ಚಿತ್ರದಿಂದ ಲೋಕಪ್ರಸಿದ್ಧವಾದ ಪಟ್ಟಣ ಇನ್ನೊಂದು ಸೇತುವೆಯಿಂದ ಪಟ್ಟಿ ತಪ್ಪಿತು. ಇದರಲ್ಲಿ ಊರಿನವರದೇ ತಪ್ಪೆಂದು ದೂರದಲ್ಲಿ ಕುಳಿತವರು ಹೇಳುವುದು ಸುಲಭ. ನೋಟವು ಯಾತ್ರಿಕನದು, ದಾಟುವ ಕಷ್ಟ ನಿವಾಸಿಯದು.

ಇದೇ ಪ್ರಶ್ನೆ ನಮ್ಮ ತುಂಗಭದ್ರೆಯ ತೀರಕ್ಕೂ ಬಂದಿತು. ಹಂಪೆಯಲ್ಲಿ ವಿಠ್ಠಲ ದೇವಾಲಯಕ್ಕೆ ಸಮೀಪದ ನದಿಯಲ್ಲಿ ಹಳೆಯ ಸೇತುವೆಯೊಂದರ ಕಲ್ಲುಕಂಬಗಳು ಸಾಲಾಗಿ ನಿಂತಿವೆ. ಮೇಲಿನ ದಾರಿ ಹೋಗಿದೆ, ಕಂಬಗಳು ಉಳಿದಿವೆ. ಗುಂಡುಬಂಡೆಗಳ ಆ ನೆಲದಲ್ಲಿ ಅವನ್ನು ನೋಡಿದವರಿಗೆ ಅವು ಯಾರೋ ನೆಟ್ಟುವೋ, ನದಿಯಲ್ಲೇ ಬೆಳೆದುವೋ ಎಂಬ ಭ್ರಾಂತಿಯಾಗುವುದು. ೧೫೨೦ರ ಸುಮಾರಿನಲ್ಲಿ ವಿಜಯನಗರವನ್ನು ಕಂಡ ಪೋರ್ಚುಗೀಸರ ಪಾಯೆಸನು, ಜನರು ಆನೆಗೊಂದಿಗೆ ಬುಟ್ಟಿಯಂತೆ ದುಂಡಾದ ದೋಣಿಗಳಲ್ಲಿ ದಾಟುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಅದು ನಮ್ಮ ಹರಿಗೋಲು. ನಾಲ್ಕುನೂರು ವರ್ಷಗಳು ಕಳೆದ ಮೇಲೂ ಅಲ್ಲಿಯ ಜನ ಹರಿಗೋಲನ್ನೇ ನಂಬಿಕೊಂಡಿದ್ದರು. ಪ್ರವಾಹ ಬಂದರೆ ಆಚೆಯ ದಡ ಬೇರೊಂದು ದೇಶವೇ.

ಹಂಪೆಯು ೧೯೮೬ರಲ್ಲಿ ಪ್ರಪಂಚದ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಆನೆಗೊಂದಿಗೆ ತಂತಿಗಳಿಂದ ತೂಗುವ ದೊಡ್ಡ ಸೇತುವೆಯೊಂದನ್ನು ಕಟ್ಟಲು ಮೊದಲುಮಾಡಿದರು. ಅದರ ಗಾತ್ರವು ಆ ಸ್ಥಳಕ್ಕೆ ಒಪ್ಪದೆಂಬುದು ಮುಖ್ಯ ಕಾರಣವಾಗಿ, ೧೯೯೯ರಲ್ಲಿ ಹಂಪೆಯನ್ನು ಅಪಾಯಕ್ಕೊಳಗಾದ ಸ್ಥಳಗಳ ಪಟ್ಟಿಯಲ್ಲಿ ಇಟ್ಟರು. ೨೦೦೬ರಲ್ಲಿ ಆ ಪಟ್ಟಿಯಿಂದ ತೆಗೆದರು. ಕೆಲಸವು ನಿಂತು, ಮತ್ತೆ ನಡೆದು, ೨೦೦೯ರ ಜನವರಿಯಲ್ಲಿ ಇನ್ನೂ ಮುಗಿಯದ ಆ ಸೇತುವೆಯು ಕುಸಿದುಬಿದ್ದು ಕೆಲಸಗಾರರು ಪ್ರಾಣ ಕಳೆದುಕೊಂಡರು. ಈ ದುಃಖವನ್ನು ಸೌಂದರ್ಯಪಕ್ಷದವರು ತಮ್ಮ ಗೆಲುವೆಂದು ಎಣಿಸುವುದು ಅನ್ಯಾಯ. ಹೊಲಕ್ಕೆ ಹೋಗಬೇಕಾದ ಒಕ್ಕಲಿಗನೂ, ಆಸ್ಪತ್ರೆಗೆ ಹೋಗಬೇಕಾದ ಬಾಣಂತಿಯೂ, ಶಾಲೆಗೆ ಹೋಗಬೇಕಾದ ಮಗುವೂ ಆ ದೃಶ್ಯಕ್ಕೆ ಸೇರಿದವರೇ. ದಾಟುವವರನ್ನು ಅಳಿಸಿದ ಚಿತ್ರ ಝಾಂಗ್ ಝೆದುವಾನನಿಗೂ ಹಿರೋಶಿಗೆಗೂ ಚಿತ್ರವಾಗಿ ತೋರುತ್ತಿರಲಿಲ್ಲ. ಸೇತುವೆ ಬೇಕೇ ಬೇಡವೇ ಎಂಬುದಲ್ಲ ಪ್ರಶ್ನೆ. ಎಲ್ಲಿ, ಎಷ್ಟು ಎತ್ತರ, ಎಂತಹ ಭಾರಕ್ಕೆ, ಯಾರ ಕಾಲಿಗೆ ಎಂಬುದು ಪ್ರಶ್ನೆ. ಇದನ್ನು ಅಡಿಪಾಯ ತೋಡುವುದಕ್ಕೆ ಮೊದಲೇ ಕೇಳತಕ್ಕದ್ದು. ತೋಡಿದ ಮೇಲೆ ಕೇಳಿದರೆ ಉತ್ತರವು ಹಣದಲ್ಲಿ ಇಲ್ಲವೆ ಪ್ರಾಣದಲ್ಲಿ ಬರುತ್ತದೆ.

ಈ ಪ್ರಶ್ನೆಗೆ ತಕ್ಕ ಉತ್ತರ ಹೇಗಿರಬಹುದೆಂಬುದಕ್ಕೆ ನಿದರ್ಶನವು ದೂರವಿಲ್ಲ. ಶ್ರೀರಂಗಪಟ್ಟಣದಲ್ಲಿ ಕಾವೇರಿಗೆ ದಿವಾನ್ ಪೂರ್ಣಯ್ಯನವರ ಆಡಳಿತಕ್ಕೆ ಸೇರಿದ ಸೇತುವೆಯೊಂದಿದೆ. ಅದು ೧೮೦೪ರಲ್ಲಿ ಮುಗಿಯಿತು. ಆಗಿನ ಗವರ್ನರ್ ಜನರಲ್ ವೆಲ್ಲೆಸ್ಲಿಯ ಹೆಸರನ್ನು ಅದಕ್ಕೆ ಇಟ್ಟರು. ಹೆಸರು ಗೆದ್ದವರದು; ಕೈ ನಮ್ಮವರದು. ಅದರಲ್ಲಿ ಕಮಾನಿಲ್ಲ. ಕಲ್ಲಿನ ಕಂಬ, ಕಂಬದ ಮೇಲೆ ಬೋದಿಗೆ, ಅದರ ಮೇಲೆ ಕಲ್ಲಿನ ತೊಲೆ, ಮೇಲೆ ಹಾಸು. ನಮ್ಮ ದೇವಾಲಯದ ಮುಖಮಂಟಪವನ್ನು ಕಟ್ಟುವವನು ಹೇಗೆ ಕಟ್ಟುವನೋ ಹಾಗೆಯೇ ಇದನ್ನೂ ಕಟ್ಟಿದ್ದಾರೆ. ಮಂಟಪವನ್ನೇ ಉದ್ದವಾಗಿ ಎಳೆದು ನದಿಗೆ ಹಾಸಿದಂತಿದೆ. ಅದು ನೀರಿಗಿಂತ ಬಹಳ ಮೇಲೇಳುವುದಿಲ್ಲ. ದಡದ ಮರಗಳನ್ನು ಮೀರುವುದಿಲ್ಲ. ನದಿಯ ಬಂಡೆಗೂ ಅದರ ಕಂಬಕ್ಕೂ ಬಣ್ಣದಲ್ಲಿ ಜಗಳವಿಲ್ಲ. ಇನ್ನೂರು ವರ್ಷಗಳಿಗೂ ಹೆಚ್ಚಿನ ಕಾವೇರಿಯ ಪ್ರವಾಹಗಳನ್ನು ಅದು ಕಂಡಿದೆ. ಹೆದ್ದಾರಿಯ ವಾಹನಗಳು ಹೊಸ ಸೇತುವೆಗಳ ಮೇಲೆ ಹೋಗುತ್ತವೆ. ಹಳೆಯದು ಪಕ್ಕದಲ್ಲಿ ಉಳಿದಿದೆ.

ಲಂಡನ್ನಿನ ಸೇತುವೆಗಳಿಗೆ ಕುಂಚದಿಂದ ಬಂದ ಖ್ಯಾತಿ ಇದಕ್ಕೆ ಬಂದಿಲ್ಲ. ಬ್ಯಾಟರ್‌ಸೀಯ ಮರ ಹೋಯಿತು, ರೆನ್ನಿಯ ಗ್ರಾನೈಟ್ ಹೋಯಿತು, ಆರ್ಲ್ ಊರಿನ ಎತ್ತುಸೇತುವೆ ಹೋಯಿತು. ಅವುಗಳ ಚಿತ್ರಗಳು ಉಳಿದುವು. ನಮ್ಮಲ್ಲಿ ಕಲ್ಲು ಉಳಿದಿದೆ, ಚಿತ್ರವಿನ್ನೂ ಬರಬೇಕಾಗಿದೆ. ಹಳೆಯ ಸೇತುವೆಗೆ ಬೀಳುವ ಮೊದಲ ಪೆಟ್ಟು ಪ್ರವಾಹದ್ದಲ್ಲ, ಅಲಕ್ಷ್ಯದ್ದು. ಕಣ್ಣಿಟ್ಟು ನೋಡುವವರಿರುವ ವಸ್ತುವನ್ನು ಕೆಡಿಸಲು ಯಾರೂ ಸುಲಭವಾಗಿ ಮನಸ್ಸುಮಾಡರು. ಚಿತ್ರವಿದ್ಯೆಯನ್ನು ಕಲಿಯುತ್ತಿರುವ ನಮ್ಮ ತರುಣರು ಆ ಕಂಬಗಳ ಎದುರಿಗೆ ಒಂದು ಬೆಳಗ್ಗೆ ಕುಳಿತು, ಮೇಲೆ ಯಾರು ದಾಟುತ್ತಾರೆ, ಕೆಳಗೆ ಏನು ಹರಿಯುತ್ತದೆ, ಆಚೆ ಏನು ಕಾಣುತ್ತದೆ ಎಂದು ಬರೆದಿಟ್ಟರೆ, ಮುಂದೆ ಆ ತೀರದಲ್ಲಿ ಹೊಸದನ್ನು ಕಟ್ಟುವವರಿಗೆ ಅದೇ ಒಂದು ಅಳತೆಗೋಲಾದೀತು.